ಮನೆ ನ್ಯೂಜೆರ್ಸಿಯಲ್ಲಿ, ಕೆಲಸ ನ್ಯೂಯಾರ್ಕಿನಲ್ಲಿ: ಒಂದೇ ಸಂಬಳಕ್ಕೆ ಎರಡು ಸಲ ತೆರಿಗೆ ಕಟ್ಟಬೇಕೇ?

ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಜನವರಿ ಮುಗಿಯುತ್ತಿದ್ದಂತೆ ಎರಡು ಮಾತುಗಳು ಓಡಾಡತೊಡಗುತ್ತವೆ. ಮೊದಲನೆಯದು: "ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡು ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದರೆ ಎರಡೂ ರಾಜ್ಯಗಳಿಗೆ ಪೂರ್ತಿ ತೆರಿಗೆ ಕಟ್ಟಬೇಕು, ಉಳಿಸಿದ ಬಾಡಿಗೆಯೆಲ್ಲ ಅಲ್ಲಿಗೇ ಹೋಗುತ್ತದೆ." ಎರಡನೆಯದು ಇದಕ್ಕೆ ತದ್ವಿರುದ್ಧ: "ಆಫೀಸಿನವರು ಸಂಬಳದಲ್ಲೇ ನ್ಯೂಯಾರ್ಕ್ ತೆರಿಗೆ ಹಿಡಿದುಕೊಂಡಿದ್ದಾರೆ. ನ್ಯೂಜೆರ್ಸಿಗೆ ಏನನ್ನೂ ಸಲ್ಲಿಸಬೇಕಿಲ್ಲ."

ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಸುಮ್ಮನೆ ಹೆದರುತ್ತಾರೆ, ಅಷ್ಟೆ. ಎರಡನೆಯದನ್ನು ನಂಬಿದವರಿಗೆ ನಾಲ್ಕಾರು ವರ್ಷಗಳ ನಂತರ ಬಡ್ಡಿ, ದಂಡ ಸೇರಿಸಿದ ನೋಟಿಸ್ ಬರಬಹುದು. ರಿಟರ್ನ್ ಸಲ್ಲಿಸಿದವರ ಲೆಕ್ಕವನ್ನು ರಾಜ್ಯ ಮರುಪರಿಶೀಲಿಸಲು ಸಾಮಾನ್ಯವಾಗಿ ಮೂರು ವರ್ಷಗಳ ಗಡುವು ಇರುತ್ತದೆ. ರಿಟರ್ನನ್ನೇ ಸಲ್ಲಿಸದಿದ್ದರೆ ಆ ಗಡುವಿನ ಗಡಿಯಾರ ಶುರುವಾಗುವುದೇ ಇಲ್ಲ.

ನಿಜ ಇಷ್ಟು: ರಿಟರ್ನ್ ಎರಡೂ ರಾಜ್ಯಗಳಿಗೆ ಸಲ್ಲಿಸಬೇಕು. ಆದರೆ ಕಟ್ಟುವ ಒಟ್ಟು ತೆರಿಗೆ ಎರಡರ ಮೊತ್ತವಲ್ಲ, ಹೆಚ್ಚುಕಡಿಮೆ ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು. ಈ "ಹೆಚ್ಚುಕಡಿಮೆ" ಎಂಬ ಪದದೊಳಗೆ ಅಡಗಿರುವುದನ್ನು ಬಿಡಿಸಿ ನೋಡೋಣ.

ನಮಗೆ ಇದು ಯಾಕೆ ವಿಚಿತ್ರ ಅನ್ನಿಸುತ್ತದೆ?

ಭಾರತದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹೊಸೂರಿನಲ್ಲಿ ಮನೆ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರು ದಿನವೂ ರಾಜ್ಯದ ಗಡಿ ದಾಟುತ್ತಾರೆ, ಆದರೂ ಸಲ್ಲಿಸುವುದು ಒಂದೇ ರಿಟರ್ನ್. ನಮ್ಮ ಸಂವಿಧಾನದಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರ ಪಟ್ಟಿಯ ವಿಷಯ. ರಾಜ್ಯಗಳಿಗೆ ಬಿಟ್ಟಿರುವುದು ಕೃಷಿ ಆದಾಯ. ಸಂಬಳದಾರರಿಗೆ ರಾಜ್ಯ ಸರ್ಕಾರದ ಕೈ ತಾಗುವುದು ವೃತ್ತಿ ತೆರಿಗೆಯಲ್ಲಿ ಮಾತ್ರ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವವರ ಸ್ಲಿಪ್ಪಿನಲ್ಲಿ ಕಾಣುವ 200 ರೂಪಾಯಿ ಕಡಿತ ಅದೇ. ಸಂವಿಧಾನದ 276ನೇ ವಿಧಿಯ ಪ್ರಕಾರ ಅದು ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಫೆಡರಲ್ ಸರ್ಕಾರ ತನ್ನ ಆದಾಯ ತೆರಿಗೆ ವಸೂಲಿ ಮಾಡುತ್ತದೆ. ಅದರ ಪಕ್ಕದಲ್ಲೇ ಬಹುತೇಕ ರಾಜ್ಯಗಳೂ ತಮ್ಮದೇ ಕಾನೂನು, ದರ, ಫಾರ್ಮುಗಳೊಂದಿಗೆ ಆದಾಯ ತೆರಿಗೆ ಹಾಕುತ್ತವೆ. ಅಲ್ಲಿನ ಫೆಡರಲ್ ಆದಾಯ ತೆರಿಗೆಗೆ ಗಟ್ಟಿ ಬುನಾದಿ ಸಿಕ್ಕಿದ್ದು 1913ರ 16ನೇ ಸಂವಿಧಾನ ತಿದ್ದುಪಡಿಯಿಂದ. ವಿಸ್ಕಾನ್ಸಿನ್ ರಾಜ್ಯ ಅದಕ್ಕೂ ಮೊದಲೇ, 1911ರಲ್ಲಿ, ತನ್ನ ಆದಾಯ ತೆರಿಗೆಯನ್ನು ತಂದಿತ್ತು. ರಾಜ್ಯದ ತೆರಿಗೆ ಕೇಂದ್ರದ ತೆರಿಗೆಯ ಬಾಲವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭ.

ಎರಡು ರಾಜ್ಯ, ಎರಡು ಹಕ್ಕು

ನೀವು ವಾಸಿಸುವ ರಾಜ್ಯ ಹೇಳುವುದು: "ನೀವು ನಮ್ಮ ನಿವಾಸಿ. ಜಗತ್ತಿನಲ್ಲಿ ಎಲ್ಲೇ ಗಳಿಸಿದರೂ ಆ ಆದಾಯದ ಮೇಲೆ ತೆರಿಗೆ ಹಾಕುವ ಹಕ್ಕು ನಮ್ಮದು." ನೀವು ಕೆಲಸ ಮಾಡುವ ರಾಜ್ಯ ಹೇಳುವುದು: "ನೀವು ನಮ್ಮ ನಿವಾಸಿ ಅಲ್ಲದಿರಬಹುದು, ಆದರೆ ಈ ಹಣ ಹುಟ್ಟಿದ್ದು ನಮ್ಮ ನೆಲದಲ್ಲಿ." ಎರಡನೆಯ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1920ರಲ್ಲೇ ಶಾಫರ್ ವಿರುದ್ಧ ಕಾರ್ಟರ್ ಪ್ರಕರಣದಲ್ಲಿ ಒಪ್ಪಿತು. ಅದೇ ದಿನ ಬಂದ ಇನ್ನೊಂದು ತೀರ್ಪಿನಲ್ಲಿ, ತನ್ನ ನಿವಾಸಿಗಳಿಗೆ ಕೊಟ್ಟ ವಿನಾಯಿತಿಯನ್ನು ನ್ಯೂಜೆರ್ಸಿ, ಕನೆಕ್ಟಿಕಟ್‌ಗಳಿಂದ ಬಂದು ದುಡಿಯುವವರಿಗೆ ನಿರಾಕರಿಸಿದ್ದ ನ್ಯೂಯಾರ್ಕಿಗೆ ಛೀಮಾರಿ ಬಿತ್ತು. ನದಿ ದಾಟಿ ಕೆಲಸಕ್ಕೆ ಬರುವವರ ಈ ತಕರಾರಿಗೆ ನೂರು ವರ್ಷಗಳ ಚರಿತ್ರೆಯಿದೆ.

ಇಬ್ಬರಿಗೂ ಹಕ್ಕಿದೆ ಎಂದಾದ ಮೇಲೆ ಯಾರೋ ಒಬ್ಬರು ಹಿಂದೆ ಸರಿಯಬೇಕಲ್ಲ. ಸರಿಯುವುದು ವಾಸದ ರಾಜ್ಯ. ಕೆಲಸದ ರಾಜ್ಯ ಮೊದಲು ತನ್ನ ಪಾಲು ತೆಗೆದುಕೊಳ್ಳುತ್ತದೆ. ವಾಸದ ರಾಜ್ಯ ಪೂರ್ತಿ ತೆರಿಗೆ ಲೆಕ್ಕ ಹಾಕಿ, ಅಲ್ಲಿ ಕಟ್ಟಿದ್ದನ್ನು ಒಂದು ಮಿತಿಯೊಳಗೆ ಕಳೆದುಕೊಳ್ಳಲು ಬಿಡುತ್ತದೆ. ಈ ಕಳೆತಕ್ಕೆ ಕ್ರೆಡಿಟ್ ಎಂದು ಹೆಸರು. ಇದು ಆದಾಯದಲ್ಲಿ ಕಳೆಯುವ ವಿನಾಯಿತಿಯಲ್ಲ, ನೇರವಾಗಿ ತೆರಿಗೆಯಲ್ಲೇ ಕಳೆಯುವ ಮೊತ್ತ. ಕ್ರೆಡಿಟ್ ಎಂದೊಡನೆ ಸಾಲ ಅಥವಾ ಬ್ಯಾಂಕಿಗೆ ಜಮಾ ಎಂದು ನೆನಪಾಗುವುದರಿಂದ ಈ ಪದವೇ ಅರ್ಧ ಗೊಂದಲಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

ಈ ಕ್ರೆಡಿಟ್ ರಾಜ್ಯಗಳ ಔದಾರ್ಯವೇ, ಇಲ್ಲವೇ ಅವುಗಳ ಕರ್ತವ್ಯವೇ? 2015ರವರೆಗೂ ಅದು ಅಸ್ಪಷ್ಟವಾಗಿತ್ತು. ಮೇರಿಲ್ಯಾಂಡ್‌ನಲ್ಲಿ ಆದಾಯ ತೆರಿಗೆಗೆ ಎರಡು ಭಾಗ, ಒಂದು ರಾಜ್ಯದ್ದು, ಇನ್ನೊಂದು ಕೌಂಟಿಯದು. ಹೊರರಾಜ್ಯದಲ್ಲಿ ಕಟ್ಟಿದ ತೆರಿಗೆಗೆ ರಾಜ್ಯದ ಭಾಗದಲ್ಲಿ ಕ್ರೆಡಿಟ್ ಸಿಗುತ್ತಿತ್ತು, ಕೌಂಟಿಯ ಭಾಗದಲ್ಲಿ ಸಿಗುತ್ತಿರಲಿಲ್ಲ. ಹೊವರ್ಡ್ ಕೌಂಟಿಯ ವಿನ್ ದಂಪತಿ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ಕೇಳಿಕೊಂಡ ಪ್ರಶ್ನೆ ಸರಳ: ಎಲ್ಲ ರಾಜ್ಯಗಳೂ ಮೇರಿಲ್ಯಾಂಡ್‌ನ ನಿಯಮವನ್ನೇ ಅನುಸರಿಸಿದರೆ, ರಾಜ್ಯದ ಗಡಿ ದಾಟಿ ದುಡಿಯುವವರು ಮನೆಯ ರಾಜ್ಯದಲ್ಲೇ ದುಡಿಯುವವರಿಗಿಂತ ಹೆಚ್ಚು ತೆರಿಗೆ ಕಟ್ಟಬೇಕಾಗುತ್ತದೆಯೇ? ಉತ್ತರ ಹೌದು ಎಂದಾದ್ದರಿಂದ ಆ ನಿಯಮ ಬಿದ್ದುಹೋಯಿತು. ತೀರ್ಪು 5–4ರ ಅಂಚಿನದು. ಸಾಮಾನ್ಯವಾಗಿ ಎದುರುಬದುರು ನಿಲ್ಲುತ್ತಿದ್ದ ನ್ಯಾಯಮೂರ್ತಿಗಳಾದ ಸ್ಕಾಲಿಯಾ ಮತ್ತು ಗಿನ್ಸ್‌ಬರ್ಗ್ ಇಲ್ಲಿ ಒಂದೇ ಕಡೆ, ಭಿನ್ನಮತದ ಕಡೆ ಇದ್ದರು.

ಲೆಕ್ಕ ಹಾಕಿ ನೋಡೋಣ

ಎಡಿಸನ್‌ನಲ್ಲಿ ವಾಸ, ಮ್ಯಾನ್‌ಹಟನ್‌ನಲ್ಲಿ ಆಫೀಸು, ಒಂಟಿ ವ್ಯಕ್ತಿ, ವರ್ಷದ ಸಂಬಳ 1,20,000 ಡಾಲರ್ ಎಂದಿಟ್ಟುಕೊಳ್ಳಿ. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಇಲ್ಲಿರುವುದು ವಾಸ್ತವಕ್ಕೆ ಹತ್ತಿರದ, ಆದರೆ ಉದಾಹರಣೆಗಾಗಿ ಸುತ್ತು ಮಾಡಿದ ಸಂಖ್ಯೆಗಳು. ಈ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ 6,300 ಡಾಲರ್, ನ್ಯೂಜೆರ್ಸಿ ತೆರಿಗೆ 5,450 ಡಾಲರ್ ಎನ್ನೋಣ.

ಕ್ರೆಡಿಟ್ ಇಲ್ಲದಿದ್ದರೆ ಒಟ್ಟು 11,750 ಡಾಲರ್ ಆಗುತ್ತಿತ್ತು. ವಾಟ್ಸ್ಆ್ಯಪ್ ಮಾತಿನಲ್ಲಿರುವ ಹೆದರಿಕೆ ಇದೇ. ನಿಜವಾಗಿ ಆಗುವುದು: ನ್ಯೂಯಾರ್ಕಿಗೆ 6,300 ಕಟ್ಟುತ್ತೀರಿ. ನ್ಯೂಜೆರ್ಸಿ ತನ್ನ 5,450ನ್ನು ಲೆಕ್ಕ ಹಾಕಿ, ಅಷ್ಟಕ್ಕೂ ಕ್ರೆಡಿಟ್ ಕೊಡುತ್ತದೆ. ನ್ಯೂಜೆರ್ಸಿಗೆ ಕಟ್ಟಬೇಕಾದದ್ದು ಸೊನ್ನೆ. ಉಳಿದ 850 ಡಾಲರ್ ವ್ಯತ್ಯಾಸವನ್ನು ನ್ಯೂಜೆರ್ಸಿ ವಾಪಸ್ ಕೊಡುವುದಿಲ್ಲ. ಇನ್ನೊಂದು ರಾಜ್ಯದ ದುಬಾರಿ ದರಕ್ಕೆ ಅದು ಹೊಣೆಯಲ್ಲ.

ಈಗ ಇದಕ್ಕೆ ಬ್ಯಾಂಕ್ ಬಡ್ಡಿ, ಡಿವಿಡೆಂಡ್ ಎಂದು 30,000 ಡಾಲರ್ ಸೇರಿಸಿ. ಇಲ್ಲಿಂದ ಅನೇಕರ ಲೆಕ್ಕ ತಪ್ಪುತ್ತದೆ. ಅನಿವಾಸಿಯ ಬ್ಯಾಂಕ್ ಬಡ್ಡಿಗೆ ನ್ಯೂಯಾರ್ಕ್ ತೆರಿಗೆ ಹಾಕುವುದಿಲ್ಲ. ಆದರೆ ನಿಮ್ಮ ದರವನ್ನು ನಿರ್ಧರಿಸುವಾಗ ಅದನ್ನು ಎಣಿಸುತ್ತದೆ. ಮೊದಲು ನೀವು ನ್ಯೂಯಾರ್ಕ್ ನಿವಾಸಿಯೇ ಎಂಬಂತೆ ಪೂರ್ತಿ 1,50,000ಕ್ಕೆ ತೆರಿಗೆ ಲೆಕ್ಕ ಹಾಕಿ, ನಂತರ ಅದರಲ್ಲಿ ನ್ಯೂಯಾರ್ಕಿನಲ್ಲಿ ಗಳಿಸಿದ ಪಾಲನ್ನು, ಅಂದರೆ ಶೇ 80ರಷ್ಟನ್ನು, ಕೇಳುತ್ತದೆ. ಹೀಗೆ ನ್ಯೂಯಾರ್ಕ್ ತೆರಿಗೆ ಸುಮಾರು 6,700ಕ್ಕೆ ಏರಿತು ಎನ್ನೋಣ. ಸಂಗಾತಿಯ ಜೊತೆ ಜಂಟಿ ರಿಟರ್ನ್ ಸಲ್ಲಿಸಿದರೂ ಹೀಗೆಯೇ. ಗಂಡ ಅಥವಾ ಹೆಂಡತಿ ನ್ಯೂಯಾರ್ಕಿಗೆ ಕಾಲಿಡದೆ ನ್ಯೂಜೆರ್ಸಿಯಲ್ಲೇ ದುಡಿದರೂ ಆ ಸಂಬಳ ಇವರ ನ್ಯೂಯಾರ್ಕ್ ದರವನ್ನು ಮೇಲಕ್ಕೆಳೆಯುತ್ತದೆ.

ಅತ್ತ ನ್ಯೂಜೆರ್ಸಿಯಲ್ಲಿ 1,50,000ಕ್ಕೆ ತೆರಿಗೆ 7,350 ಎನ್ನೋಣ. ಕ್ರೆಡಿಟ್ಟಿನ ಮಿತಿ, ಎರಡೂ ಕಡೆ ತೆರಿಗೆಗೆ ಒಳಪಟ್ಟ ಆದಾಯದ ಪಾಲಿಗೆ ಸಮ: ಶೇ 80, ಅಂದರೆ 5,880. ನ್ಯೂಯಾರ್ಕಿಗೆ 6,700 ಕಟ್ಟಿದ್ದರೂ ಸಿಗುವುದು 5,880 ಮಾತ್ರ. ಉಳಿದ 1,470 ಡಾಲರ್ ನ್ಯೂಜೆರ್ಸಿಗೆ ಕಟ್ಟಲೇಬೇಕು. ಅದು ಬಡ್ಡಿ, ಡಿವಿಡೆಂಡ್‌ಗಳ ಮೇಲಿನ ತೆರಿಗೆ. ಅದನ್ನು ನ್ಯೂಯಾರ್ಕ್ ಮುಟ್ಟಿಯೇ ಇಲ್ಲವಾದ್ದರಿಂದ ಅದಕ್ಕೆ ಕ್ರೆಡಿಟ್ ಇಲ್ಲ.

"ನ್ಯೂಜೆರ್ಸಿಗೆ ಏನೂ ಬಾಕಿ ಇರುವುದಿಲ್ಲ" ಎಂಬ ನಂಬಿಕೆ ಕುಸಿಯುವುದು ಇಲ್ಲೇ. ಆಫೀಸಿನವರು ಹಿಡಿದದ್ದೆಲ್ಲ ನ್ಯೂಯಾರ್ಕಿನ ಹೆಸರಿನಲ್ಲಿರುತ್ತದೆ, ನ್ಯೂಜೆರ್ಸಿಗೆ ಒಂದು ಡಾಲರೂ ಹೋಗಿರದೆ ಇರಬಹುದು. ವರ್ಷದ ಕೊನೆಗೆ 400 ಡಾಲರಿಗಿಂತ ಹೆಚ್ಚು ಬಾಕಿ ಬರುವಂತಿದ್ದರೆ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟಬೇಕೆಂದು ನ್ಯೂಜೆರ್ಸಿ ಬಯಸುತ್ತದೆ. ಕಟ್ಟದಿದ್ದರೆ ಬಡ್ಡಿ.

ಡಬ್ಲ್ಯೂ-2 ಎಂಬ ಗೊಂದಲದ ಚೀಟಿ

ನಮ್ಮ ಫಾರ್ಮ್ 16ರಂತೆ ಅಲ್ಲಿ ಸಂಬಳದಾರರಿಗೆ ಸಿಗುವುದು ಡಬ್ಲ್ಯೂ-2. ಅದರ 15ನೇ ಚೌಕದಲ್ಲಿ ರಾಜ್ಯದ ಹೆಸರು, 16ರಲ್ಲಿ ಆ ರಾಜ್ಯದ ಲೆಕ್ಕದ ಸಂಬಳ, 17ರಲ್ಲಿ ಹಿಡಿದ ತೆರಿಗೆ ಇರುತ್ತದೆ. ಎರಡು ರಾಜ್ಯಗಳ ಸಾಲು ಇರುವವರು 16ನೇ ಚೌಕ ನೋಡಿ ಬೆಚ್ಚಿಬೀಳುತ್ತಾರೆ: ನ್ಯೂಯಾರ್ಕ್ 1,20,000, ಅದರ ಕೆಳಗೇ ನ್ಯೂಜೆರ್ಸಿ 1,20,000. ಸಂಬಳ ಇದ್ದಕ್ಕಿದ್ದಂತೆ ಎರಡರಷ್ಟಾಯಿತೇ?

ಇಲ್ಲ, ಇದು ಮುದ್ರಣ ದೋಷವೂ ಅಲ್ಲ. ನ್ಯೂಯಾರ್ಕ್ ತೆರಿಗೆ ಇಲಾಖೆಯ ನಿಯಮದಂತೆ, ಉದ್ಯೋಗಿ ಅನಿವಾಸಿಯಾಗಿದ್ದರೂ ಫೆಡರಲ್ ಲೆಕ್ಕದ ಪೂರ್ತಿ ಸಂಬಳವನ್ನೇ ನ್ಯೂಯಾರ್ಕ್ ಸಾಲಿನಲ್ಲಿ ತೋರಿಸಬೇಕು. ಅದರಲ್ಲಿ ಎಷ್ಟು ಭಾಗ ನಿಜವಾಗಿ ನ್ಯೂಯಾರ್ಕಿನದು ಎಂಬುದನ್ನು ಉದ್ಯೋಗಿಯೇ ತನ್ನ ರಿಟರ್ನಿನಲ್ಲಿ, ಕೆಲಸದ ದಿನಗಳ ಆಧಾರದ ಮೇಲೆ, ವಿಂಗಡಿಸಿ ತೋರಿಸಬೇಕು. ನ್ಯೂಜೆರ್ಸಿ ಸಾಲಿನ ಸಂಖ್ಯೆ ಕೆಲವೊಮ್ಮೆ ಫೆಡರಲ್ ಸಂಬಳಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಆರೋಗ್ಯ ವಿಮೆಯ ಕಂತು, ಎಚ್‌ಎಸ್‌ಎ ಖಾತೆಗೆ ಹಾಕಿದ ಹಣ ಇವಕ್ಕೆಲ್ಲ ಫೆಡರಲ್ ಕಾನೂನು ಕೊಡುವ ವಿನಾಯಿತಿಯನ್ನು ನ್ಯೂಜೆರ್ಸಿ ಒಪ್ಪದಿರುವುದು ಇದಕ್ಕೆ ಕಾರಣ. ಎರಡೂ ಸಾಲುಗಳನ್ನು ಕೂಡಿಸುವುದಂತೂ ಯಾವ ಕಾರಣಕ್ಕೂ ಸರಿಯಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ, ಇದಕ್ಕಿಂತ ದುಬಾರಿ. ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಕೇಳುವಾಗ ಜನ 17ನೇ ಚೌಕದ ಸಂಖ್ಯೆಯನ್ನು, ಅಂದರೆ ಸಂಬಳದಲ್ಲಿ ಹಿಡಿದ ಮೊತ್ತವನ್ನು, ಬರೆದುಬಿಡುತ್ತಾರೆ. ಕ್ರೆಡಿಟ್ ಸಿಗುವುದು ಹಿಡಿದ ಹಣಕ್ಕಲ್ಲ, ನ್ಯೂಯಾರ್ಕ್ ರಿಟರ್ನಿನಲ್ಲಿ ಕೊನೆಗೆ ನಿರ್ಧಾರವಾದ ತೆರಿಗೆಗೆ. ಆಫೀಸು 7,500 ಹಿಡಿದು, ನಿಜವಾದ ತೆರಿಗೆ 6,300 ಆಗಿದ್ದರೆ 1,200 ನಿಮಗೆ ನ್ಯೂಯಾರ್ಕಿನಿಂದಲೇ ಮರಳುತ್ತದೆ. ಆ 1,200ಕ್ಕೂ ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಕೇಳಿದರೆ ಒಂದೇ ಹಣವನ್ನು ಎರಡು ಕಡೆ ವಾಪಸ್ ಕೇಳಿದಂತಾಯಿತು.

ಇದರಿಂದಲೇ ರಿಟರ್ನ್‌ಗಳ ಅನುಕ್ರಮ ಮುಖ್ಯವಾಗುತ್ತದೆ. ಮೊದಲು ಫೆಡರಲ್, ಆಮೇಲೆ ಕೆಲಸದ ರಾಜ್ಯದ ಅನಿವಾಸಿ ರಿಟರ್ನ್, ಕೊನೆಗೆ ವಾಸದ ರಾಜ್ಯದ ನಿವಾಸಿ ರಿಟರ್ನ್. ನಮ್ಮ ಉದಾಹರಣೆಯಲ್ಲಿ ನ್ಯೂಯಾರ್ಕಿನ ಐಟಿ-203 ಮುಗಿಯದೆ ನ್ಯೂಜೆರ್ಸಿಯ ಎನ್‌ಜೆ-1040ರಲ್ಲಿ ಬರೆಯಬೇಕಾದ ಸಂಖ್ಯೆಯೇ ಇರುವುದಿಲ್ಲ. ತೆರಿಗೆ ಸಾಫ್ಟ್‌ವೇರ್ ಬಳಸುವವರೂ ಇದೇ ಕ್ರಮದಲ್ಲಿ ರಾಜ್ಯಗಳನ್ನು ತುಂಬಬೇಕು. ತಿರುಗುಮುರುಗಾದರೆ ಕ್ರೆಡಿಟ್ ಜಾಗದಲ್ಲಿ ಸೊನ್ನೆ ಬಿದ್ದು, ಎರಡೂ ರಾಜ್ಯಗಳಿಗೆ ಪೂರ್ತಿ ತೆರಿಗೆ ತೋರಿಸಬಹುದು. ಮೊದಲ ವಾಟ್ಸ್ಆ್ಯಪ್ ಮಾತು ಹುಟ್ಟಿದ್ದು ಇಂಥ ಯಾವುದೋ ಪರದೆಯ ಮುಂದೆಯೇ ಇರಬೇಕು ಎಂಬುದು ನನ್ನ ಊಹೆ.

ಜರ್ಸಿ ಸಿಟಿ, ಎಡಿಸನ್‌ಗಳಿಂದ ಬರುವವರಿಗೆ ಒಂದು ಸಮಾಧಾನವೂ ಇದೆ. ನ್ಯೂಯಾರ್ಕ್ ನಗರಕ್ಕೆ ತನ್ನದೇ ಆದಾಯ ತೆರಿಗೆ ಇದೆ, ಆದರೆ ಅದು ನಗರದ ನಿವಾಸಿಗಳಿಗೆ ಮಾತ್ರ. ಹೊರಗಿನಿಂದ ಬಂದು ಹೋಗುವವರ ಮೇಲಿದ್ದ ಸಣ್ಣ ನಗರ ತೆರಿಗೆ 1999ರಲ್ಲೇ ರದ್ದಾಯಿತು. ನಿಮ್ಮ ಡಬ್ಲ್ಯೂ-2ರಲ್ಲಿ ನಗರ ತೆರಿಗೆ ಹಿಡಿದಿದ್ದರೆ ಎಚ್‌ಆರ್ ದಾಖಲೆಯಲ್ಲಿ ಹಳೆಯ ವಿಳಾಸ ಉಳಿದಿರುವ ಸಾಧ್ಯತೆ ಹೆಚ್ಚು.

"ನಾನು ಮನೆಯಿಂದಲೇ ಕೆಲಸ ಮಾಡುತ್ತೇನಲ್ಲ?"

ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ. ಹಾಗಿದ್ದರೆ ಐದರಲ್ಲಿ ಎರಡು ಪಾಲು ಸಂಬಳ ನ್ಯೂಯಾರ್ಕಿನದಲ್ಲ ಎಂದು ತರ್ಕ ಹೇಳುತ್ತದೆ. ನ್ಯೂಯಾರ್ಕ್ ಹಾಗೆ ಹೇಳುವುದಿಲ್ಲ. ಅದರ ನಿಯಮ ಹೀಗಿದೆ: ನಿಮ್ಮ ಆಫೀಸು ನ್ಯೂಯಾರ್ಕಿನಲ್ಲಿದ್ದು, ಮನೆಯಿಂದ ಕೆಲಸ ಮಾಡುವುದು ನಿಮ್ಮ ಅನುಕೂಲಕ್ಕಾಗಿ ಇದ್ದರೆ ಆ ದಿನಗಳೂ ನ್ಯೂಯಾರ್ಕಿನ ದಿನಗಳೇ. ಹೊರಗೆ ಮಾಡಲೇಬೇಕಾದ ಅಗತ್ಯ ಕಂಪನಿಗೇ ಇದ್ದರೆ ಮಾತ್ರ ವಿನಾಯಿತಿ. ಮ್ಯಾನೇಜರ್ ಒಪ್ಪಿದ್ದಾರೆ ಎಂಬುದಷ್ಟೇ ಅಗತ್ಯ ಎನಿಸಿಕೊಳ್ಳುವುದಿಲ್ಲ. ಕಂಪನಿಯ ಕೆಲಸಕ್ಕೆಂದು ಬೇರೆ ರಾಜ್ಯದ ಗ್ರಾಹಕರ ಜಾಗಕ್ಕೆ ಹೋಗಿ ದುಡಿದ ದಿನಗಳು ಹೊರಗಿನ ದಿನಗಳೇ. ಅವುಗಳನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಪರಿಶೀಲನೆಗೆ ಬಂದವರು ಕೇಳುವ ಮೊದಲ ಕಾಗದ ಅದು.

ಈ ನಿಯಮವನ್ನು ಪ್ರಶ್ನಿಸಿದವರಲ್ಲಿ ಹೆಸರಾದವರು ಎಡ್ವರ್ಡ್ ಝೆಲಿನ್‌ಸ್ಕಿ. ಅವರು ತೆರಿಗೆ ಕಾನೂನಿನ ಪ್ರಾಧ್ಯಾಪಕರೇ. ಪಾಠ ಮ್ಯಾನ್‌ಹಟನ್‌ನ ಕಾರ್ಡೊಜೊ ಕಾನೂನು ಶಾಲೆಯಲ್ಲಿ, ಮನೆ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಮನೆಯಲ್ಲಿ ಕುಳಿತು ಬರೆದ, ಓದಿದ ದಿನಗಳಿಗೂ ನ್ಯೂಯಾರ್ಕ್ ತೆರಿಗೆ ಹಾಕಿತು. ಆ ದಿನಗಳ ಕೆಲಸ ನಡೆದದ್ದು ನಮ್ಮಲ್ಲೇ ಎಂದು ಕನೆಕ್ಟಿಕಟ್ ಕ್ರೆಡಿಟ್ ನಿರಾಕರಿಸಿತು. ಹೀಗೆ ಆ ಭಾಗಕ್ಕೆ ನಿಜವಾಗಿಯೂ ಎರಡು ಸಲ ತೆರಿಗೆ ಬಿತ್ತು. 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಅವರು ಸೋತರು.

ಕೋವಿಡ್ ಕಾಲದಲ್ಲಿ ಈ ಜಗಳ ರಾಜ್ಯ ರಾಜ್ಯಗಳ ನಡುವಿನದಾಯಿತು. ಮನೆಯಲ್ಲೇ ಕುಳಿತು ದುಡಿಯುತ್ತಿದ್ದ ನ್ಯೂ ಹ್ಯಾಂಪ್‌ಶೈರ್ ಜನರ ಸಂಬಳಕ್ಕೆ ಮ್ಯಾಸಚೂಸೆಟ್ಸ್ ತೆರಿಗೆ ಹಾಕಿದಾಗ, ಸಂಬಳಕ್ಕೆ ತೆರಿಗೆಯೇ ಇಲ್ಲದ ನ್ಯೂ ಹ್ಯಾಂಪ್‌ಶೈರ್ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಕೋರ್ಟ್ ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ನ್ಯೂಜೆರ್ಸಿ ಬೇರೆ ದಾರಿ ಹಿಡಿಯಿತು. ಅಲ್ಲಿಯ ನಿವಾಸಿ ಎಡಿಸನ್‌ನ ಮನೆಯಲ್ಲೇ ದುಡಿದರೂ ತೆರಿಗೆ ನ್ಯೂಯಾರ್ಕಿಗೆ ಹೋಗುತ್ತದೆ, ಅದಕ್ಕೆ ಕ್ರೆಡಿಟ್ ಕೊಟ್ಟು ನಷ್ಟ ಅನುಭವಿಸುವುದು ನ್ಯೂಜೆರ್ಸಿಯ ಖಜಾನೆ. 2023ರಲ್ಲಿ ಅದು ಮುಯ್ಯಿಗೆ ಮುಯ್ಯಿ ಎಂಬಂತೆ, ಇಂಥ ನಿಯಮವಿರುವ ರಾಜ್ಯಗಳ ನಿವಾಸಿಗಳು ನ್ಯೂಜೆರ್ಸಿ ಕಂಪನಿಗಳಿಗೆ ಮನೆಯಿಂದ ದುಡಿದರೆ ಅದೇ ನಿಯಮ ಅವರಿಗೂ ಅನ್ವಯ ಎಂದು ಕಾನೂನು ಮಾಡಿತು. ಹೊರರಾಜ್ಯದ ತೆರಿಗೆಯನ್ನು ಪ್ರಶ್ನಿಸಿ ಗೆದ್ದು ಬರುವ ತನ್ನ ನಿವಾಸಿಗಳಿಗೆ ತೆರಿಗೆ ರಿಯಾಯಿತಿಯ ಆಮಿಷವನ್ನೂ ಒಡ್ಡಿತು.

ಕ್ರೆಡಿಟ್ ಸಿಗುವವರೆಗೆ ಎಡಿಸನ್‌ನ ಉದ್ಯೋಗಿಗೆ ಇದರಿಂದ ಹೆಚ್ಚಿನ ಏಟಿಲ್ಲ. ನಿಜವಾದ ಏಟು, ನ್ಯೂಯಾರ್ಕ್ ಆಫೀಸಿನ ಕೆಲಸ ಉಳಿಸಿಕೊಂಡು ಟೆಕ್ಸಾಸ್ ಅಥವಾ ಫ್ಲಾರಿಡಾಕ್ಕೆ ಮನೆ ಬದಲಿಸಿದವರಿಗೆ. "ಇಲ್ಲಿ ರಾಜ್ಯ ತೆರಿಗೆ ಇಲ್ಲ" ಎಂದು ಹೋದವರ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ ಮುಂದುವರಿಯಬಹುದು. ಹೊಸ ಊರಿನಲ್ಲಿ ತೆರಿಗೆಯೇ ಇಲ್ಲದ್ದರಿಂದ ಕ್ರೆಡಿಟ್ ಎಂಬ ಮಾತೂ ಇಲ್ಲ. ಪೆನ್ಸಿಲ್ವೇನಿಯಾ, ಡೆಲವೇರ್‌ಗಳಲ್ಲೂ ಈ ಬಗೆಯ ನಿಯಮವಿದೆ. ಮನೆ ಬದಲಿಸುವ ಮುನ್ನ ಕಂಪನಿ ನಿಮ್ಮನ್ನು ಯಾವ ಆಫೀಸಿಗೆ ಸೇರಿದವರೆಂದು ದಾಖಲಿಸಿದೆ ಎಂದು ಕೇಳಿಕೊಳ್ಳಬೇಕು.

ತೆರಿಗೆ ಇಲ್ಲದ ರಾಜ್ಯದಲ್ಲಿ ಮನೆ

ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಂಬ ಊರಿನಲ್ಲಿ ಮನೆ ಮಾಡಿ, ಕೊಲಂಬಿಯಾ ನದಿಯ ಸೇತುವೆ ದಾಟಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ಗೆ ಕೆಲಸಕ್ಕೆ ಹೋಗುವವರು ಬಹಳ. ಇವರಲ್ಲೂ ಕೆಲವರು "ನಮ್ಮ ರಾಜ್ಯದಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ" ಎಂದು ನಿಶ್ಚಿಂತೆಯಿಂದಿರುತ್ತಾರೆ. ಒರೆಗಾನ್‌ನಲ್ಲಿ ದುಡಿದ ದಿನಗಳ ಸಂಬಳಕ್ಕೆ ಒರೆಗಾನ್ ತೆರಿಗೆ ಪೂರ್ತಿ ಬೀಳುತ್ತದೆ, ಅಲ್ಲಿನ ಗರಿಷ್ಠ ದರ ಶೇ 9.9. ತೆರಿಗೆಯಿಲ್ಲದ ರಾಜ್ಯದ ಲಾಭ ಸಿಗಬೇಕಾದರೆ ಮನೆಯೂ ಕೆಲಸವೂ ಅಲ್ಲೇ ಇರಬೇಕು.

ಒಂದೇ ರಿಟರ್ನ್ ಸಾಕಾಗುವ ಜೋಡಿಗಳು

ಕೆಲವು ನೆರೆ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡಿವೆ: ನಮ್ಮವರ ಸಂಬಳಕ್ಕೆ ನಾವು, ನಿಮ್ಮವರ ಸಂಬಳಕ್ಕೆ ನೀವು. ಇಂಥ ಒಪ್ಪಂದವಿದ್ದರೆ ಕೆಲಸದ ರಾಜ್ಯಕ್ಕೆ ರಿಟರ್ನೇ ಬೇಕಿಲ್ಲ. ಮೇರಿಲ್ಯಾಂಡ್, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ. ನಡುವೆ, ಇಲಿನಾಯ್–ವಿಸ್ಕಾನ್ಸಿನ್ ನಡುವೆ, ನ್ಯೂಜೆರ್ಸಿ–ಪೆನ್ಸಿಲ್ವೇನಿಯಾ ನಡುವೆ ಇದಿದೆ. ನ್ಯೂಯಾರ್ಕ್ ಯಾರೊಂದಿಗೂ ಇಂಥ ಒಪ್ಪಂದ ಮಾಡಿಕೊಂಡಿಲ್ಲ. ತನ್ನಲ್ಲಿಗೆ ದುಡಿಯಲು ಬರುವವರೇ ಹೆಚ್ಚಿರುವಾಗ ಅದು ಯಾಕೆ ಮಾಡಿಕೊಂಡೀತು?

ಒಪ್ಪಂದ ತಾನಾಗಿಯೇ ಕೆಲಸ ಮಾಡುವುದಿಲ್ಲ. ಕೆಲಸಕ್ಕೆ ಸೇರುವಾಗಲೇ ಒಂದು ಘೋಷಣಾ ಪತ್ರವನ್ನು ಎಚ್‌ಆರ್‌ಗೆ ಕೊಡಬೇಕು. ನ್ಯೂಜೆರ್ಸಿಯಲ್ಲಿ ದುಡಿಯುವ ಪೆನ್ಸಿಲ್ವೇನಿಯಾ ನಿವಾಸಿಗೆ ಅದು ಎನ್‌ಜೆ-165, ಪೆನ್ಸಿಲ್ವೇನಿಯಾದಲ್ಲಿ ದುಡಿಯುವ ನ್ಯೂಜೆರ್ಸಿ ನಿವಾಸಿಗೆ ಆರ್‌ಇವಿ-419. ಕೊಡದಿದ್ದರೆ ತಪ್ಪು ರಾಜ್ಯಕ್ಕೆ ತೆರಿಗೆ ಹೋಗುತ್ತದೆ, ಅದನ್ನು ವಾಪಸ್ ಪಡೆಯಲು ಮತ್ತೆ ಅಲ್ಲಿಗೊಂದು ರಿಟರ್ನ್ ಹಾಕಬೇಕು. ಒಪ್ಪಂದ ಸಂಬಳಕ್ಕೆ ಮಾತ್ರ, ಬಾಡಿಗೆ ಅಥವಾ ವ್ಯಾಪಾರದ ಆದಾಯಕ್ಕಲ್ಲ. ಫಿಲಡೆಲ್ಫಿಯಾದಲ್ಲಿ ದುಡಿಯುವವರಿಗೆ ಇನ್ನೊಂದು ಮುಳ್ಳು: ರಾಜ್ಯಗಳ ಒಪ್ಪಂದ ಆ ನಗರದ ಸಂಬಳ ತೆರಿಗೆಗೆ ಅನ್ವಯಿಸುವುದಿಲ್ಲ. ಅನಿವಾಸಿಗಳಿಗೂ ಸುಮಾರು ಶೇ 3.4ರಷ್ಟು ಹಿಡಿಯುತ್ತಾರೆ. ಪೆನ್ಸಿಲ್ವೇನಿಯಾ ರಾಜ್ಯದ ದರವೇ ಶೇ 3.07 ಎಂಬುದನ್ನು ಗಮನಿಸಿದರೆ ಇದೇನೂ ಸಣ್ಣದಲ್ಲ. ಅದಕ್ಕೆ ನ್ಯೂಜೆರ್ಸಿ ರಿಟರ್ನಿನಲ್ಲಿ ಕ್ರೆಡಿಟ್ ಕೇಳಬಹುದು, ಮರೆಯಬಾರದು.

ಒಪ್ಪಂದಗಳು ಶಾಶ್ವತವೂ ಅಲ್ಲ. ಮಿನೆಸೋಟ–ವಿಸ್ಕಾನ್ಸಿನ್ ಒಪ್ಪಂದ 2010ರಿಂದ ನಿಂತುಹೋಯಿತು. ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ 2016ರಲ್ಲಿ ಪೆನ್ಸಿಲ್ವೇನಿಯಾ ಜೊತೆಗಿನ ಒಪ್ಪಂದ ರದ್ದು ಎಂದು ಘೋಷಿಸಿ, ಅದೇ ವರ್ಷ ನವೆಂಬರ್‌ನಲ್ಲಿ ಮಾತು ಹಿಂತೆಗೆದುಕೊಂಡರು.

ಸಾಲಕ್ಕೆ ಸಿಕ್ಕ ಕೋಣೆಯೂ ನಿವಾಸವಾದೀತು

ರೈಲಿನ ಓಡಾಟ ಸಾಕಾಗಿ ಮ್ಯಾನ್‌ಹಟನ್‌ನಲ್ಲೊಂದು ಸಣ್ಣ ಫ್ಲ್ಯಾಟ್ ಹಿಡಿಯುವವರಿದ್ದಾರೆ. ವರ್ಷದ ಬಹುಪಾಲು ಅಂಥ ಖಾಯಂ ವಸತಿ ನಿಮ್ಮ ಬಳಕೆಗಿದ್ದು, ನ್ಯೂಯಾರ್ಕ್ ರಾಜ್ಯದಲ್ಲಿ 183ಕ್ಕಿಂತ ಹೆಚ್ಚು ದಿನ ಇದ್ದರೆ ನ್ಯೂಯಾರ್ಕ್ ನಿಮ್ಮನ್ನು ತನ್ನ ನಿವಾಸಿ ಎಂದೇ ಎಣಿಸುತ್ತದೆ. ದಿನದ ಒಂದು ಭಾಗ ಅಲ್ಲಿದ್ದರೂ ಅದು ಇಡೀ ದಿನದ ಲೆಕ್ಕ, ಆದ್ದರಿಂದ ದಿನನಿತ್ಯ ಆಫೀಸಿಗೆ ಹೋಗುವವರಿಗೆ 183 ದಾಟುವುದು ಕಷ್ಟವೇ ಅಲ್ಲ. ಆಗ ಎರಡೂ ರಾಜ್ಯಗಳು "ನೀವು ನಮ್ಮವರು" ಎನ್ನುತ್ತವೆ. ಸಂಬಳಕ್ಕೆ ಹೇಗೋ ಕ್ರೆಡಿಟ್ ಸಿಗುತ್ತದೆ. ಬಡ್ಡಿ, ಡಿವಿಡೆಂಡ್, ಷೇರಿನ ಲಾಭಕ್ಕೆ ಸಿಗದೆ ಎರಡು ಸಲ ತೆರಿಗೆ ಬೀಳಬಹುದು. ನ್ಯೂಜೆರ್ಸಿ ನಿವಾಸಿಯೊಬ್ಬರ ಇಂಥ ಪ್ರಕರಣದಲ್ಲಿ 1998ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ರಾಜ್ಯದ ಪರವಾಗಿಯೇ ತೀರ್ಪು ಕೊಟ್ಟಿತು. ಜೊತೆಗೆ, ನಗರದ ನಿವಾಸಿಯಾದ ಮೇಲೆ ನಗರ ತೆರಿಗೆಯೂ ಬರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಎಫ್-1 ವೀಸಾದ ವಿದ್ಯಾರ್ಥಿಗಳನ್ನು ಫೆಡರಲ್ ತೆರಿಗೆ ಭಾಷೆಯಲ್ಲಿ ಮೊದಲ ಐದು ವರ್ಷ "ಎಕ್ಸೆಂಪ್ಟ್" ವ್ಯಕ್ತಿ ಎಂದು ಕರೆಯುತ್ತಾರೆ. ಇದನ್ನು ಕೇಳಿ ತಮಗೆ ತೆರಿಗೆಯೇ ಇಲ್ಲ ಎಂದುಕೊಂಡವರು ಎಷ್ಟೋ ಜನ. ವಿನಾಯಿತಿ ಇರುವುದು ಅವರು ಅಮೆರಿಕದಲ್ಲಿ ಕಳೆದ ದಿನಗಳನ್ನು ಎಣಿಸುವುದಕ್ಕೆ, ಆದಾಯಕ್ಕಲ್ಲ. ಓದು ಇಂಡಿಯಾನಾದಲ್ಲಿ, ಬೇಸಿಗೆಯ ಇಂಟರ್ನ್‌ಶಿಪ್ ಕ್ಯಾಲಿಫೋರ್ನಿಯಾದಲ್ಲಿ ಎಂದಾದರೆ ಆ ಮೂರು ತಿಂಗಳ ಸಂಬಳಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಅನ್ವಯಿಸುತ್ತದೆ. ಅನೇಕ ಸಲ ರಿಟರ್ನ್ ಸಲ್ಲಿಸಿದರೆ ಹಿಡಿದ ಹಣದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಸಲ್ಲಿಸದೆ ಬಿಟ್ಟವರು ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಮೈಸೂರಿನ ಬಾಡಿಗೆ, ಬ್ಯಾಂಕಿನ ಎಫ್‌ಡಿ

ಎಲ್ಲಿ ನಿಜವಾಗಿಯೂ ಎರಡು ಸಲ ತೆರಿಗೆ ಬೀಳುತ್ತದೋ ಅದರ ಬಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹೆಚ್ಚು ಮಾತಿಲ್ಲ. ಮೈಸೂರಿನ ಮನೆಯ ಬಾಡಿಗೆ, ಊರಿನ ಬ್ಯಾಂಕಿನ ಎನ್‌ಆರ್‌ಒ ಠೇವಣಿಯ ಬಡ್ಡಿ ಇವುಗಳಿಗೆ ಭಾರತದಲ್ಲಿ ತೆರಿಗೆ ಕಟ್ಟಿರುತ್ತೀರಿ. ಫೆಡರಲ್ ರಿಟರ್ನಿನಲ್ಲಿ ಅದಕ್ಕೆ ಕ್ರೆಡಿಟ್ ಕೇಳಬಹುದು. ಆದರೆ ನ್ಯೂಜೆರ್ಸಿ ಕ್ರೆಡಿಟ್ ಕೊಡುವುದು ಅಮೆರಿಕದ ಇತರ ರಾಜ್ಯಗಳಿಗೆ, ಅವುಗಳ ನಗರಗಳಿಗೆ ಮತ್ತು ಡಿ.ಸಿ.ಗೆ ಕಟ್ಟಿದ ತೆರಿಗೆಗೆ ಮಾತ್ರ. ಬೇರೆ ದೇಶದ ತೆರಿಗೆಗೆ ಇಲ್ಲ. ನ್ಯೂಯಾರ್ಕ್ ತನ್ನ ನಿವಾಸಿಗಳಿಗೆ ಕೆನಡಾದ ಪ್ರಾಂತ್ಯಗಳಿಗೆ ಕಟ್ಟಿದ್ದಕ್ಕೂ ಕೊಡುತ್ತದೆ, ಭಾರತಕ್ಕೆ ಕಟ್ಟಿದ್ದಕ್ಕೆ ಕೊಡುವುದಿಲ್ಲ. ಹಾಗಾಗಿ ನ್ಯೂಜೆರ್ಸಿಯಲ್ಲಿರುವವರ ಮೈಸೂರು ಬಾಡಿಗೆ ಭಾರತದಲ್ಲೊಮ್ಮೆ, ಟ್ರೆಂಟನ್‌ನಲ್ಲೊಮ್ಮೆ ತೆರಿಗೆಗೆ ಸಿಗುತ್ತದೆ.

ಹಳೆಯ ವರ್ಷಗಳ ರಿಟರ್ನ್ ತಪ್ಪಾಗಿದ್ದರೆ

ಹೆಚ್ಚು ಕಟ್ಟಿದ್ದನ್ನು ವಾಪಸ್ ಕೇಳಲು ಎರಡೂ ರಾಜ್ಯಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶವಿದೆ. ನ್ಯೂಯಾರ್ಕಿಗೆ ಐಟಿ-203-ಎಕ್ಸ್, ನ್ಯೂಜೆರ್ಸಿಗೆ ಎನ್‌ಜೆ-1040ಎಕ್ಸ್. ಇಲ್ಲಿಯೂ ಅದೇ ಅನುಕ್ರಮ: ಮೊದಲು ಕೆಲಸದ ರಾಜ್ಯ, ಆಮೇಲೆ ವಾಸದ ರಾಜ್ಯ. ನ್ಯೂಯಾರ್ಕ್ ತೆರಿಗೆ ಕಡಿಮೆಯಾಗಿ ಅಲ್ಲಿಂದ ಹಣ ವಾಪಸ್ ಬಂದರೆ ನ್ಯೂಜೆರ್ಸಿಯಲ್ಲಿ ಪಡೆದ ಕ್ರೆಡಿಟ್ಟೂ ಕಡಿಮೆಯಾಗಬಹುದು, ಆ ವ್ಯತ್ಯಾಸವನ್ನು ಅಲ್ಲಿಗೆ ಕಟ್ಟಬೇಕಾಗುತ್ತದೆ. ನ್ಯೂಯಾರ್ಕಿನಿಂದ ಬಂದ ಚೆಕ್ಕನ್ನು ಪೂರ್ತಿ ಖರ್ಚು ಮಾಡುವ ಮುನ್ನ ಆ ಲೆಕ್ಕ ಮುಗಿಸಿಕೊಳ್ಳಿ.